ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧದೊಳಗೆ ಇರಬೇಕು ಅನ್ನುವುದು ಯಾಕೆ?

ನಮ್ಮ ಬಾವನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸುತ್ತಾರೆ. ಈ ಸಲದ ರಿಪೋರ್ಟು ಹಿಡಿದುಕೊಂಡು ಒಂದು ಭಾನುವಾರ ಮನೆಗೆ ಬಂದರು. ಎತ್ತರ 170 ಸೆಂ.ಮೀ., ತೂಕ 66 ಕೆಜಿ, ಬಿಎಂಐ 22.8. ಅದರ ಮುಂದೆ ಹಸಿರು ಬಣ್ಣದಲ್ಲಿ ‘ನಾರ್ಮಲ್’ ಎಂದಿತ್ತು. ಎರಡನೇ ಹಾಳೆಯಲ್ಲಿ ಮೂರು ತಿಂಗಳ ಸಕ್ಕರೆಯ ಲೆಕ್ಕ, ಅಂದರೆ ಎಚ್‌ಬಿಎ1ಸಿ, 6.1 ಇತ್ತು. ಶುಗರ್ ಬಾರ್ಡರ್‌ನಲ್ಲಿದೆ, ಹುಷಾರಾಗಿರಿ ಅಂದಿದ್ದರಂತೆ ಡಾಕ್ಟರು.

“ತೂಕ ಸರಿಯಾಗಿದೆ ಅಂತ ಅವರೇ ಬರೆದಿದ್ದಾರೆ. ಮತ್ತೆ ಶುಗರ್ ಯಾಕೆ ಏರುತ್ತೆ?” ಅಂತ ಬಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾಗಿದ್ದ ಜಾಗ ಅದೇ ರಿಪೋರ್ಟಿನಲ್ಲಿತ್ತು. ಕೆಳಗಡೆ ‘ವೇಸ್ಟ್–ಹೈಟ್ ರೇಶಿಯೋ’ ಎಂಬ ಒಂದು ಸಾಲು. ಅದರ ಮುಂದೆ ಖಾಲಿ. ಅಳತೆ ತೆಗೆದುಕೊಂಡೇ ಇರಲಿಲ್ಲ.

ಈ ಖಾಲಿ ಬಿಟ್ಟ ಸಾಲಿನ ಬಗ್ಗೆಯೇ ಈ ಲೇಖನ. ಕನ್ನಡದಲ್ಲಿ ಇದನ್ನು ಸೊಂಟ–ಎತ್ತರ ಅನುಪಾತ ಎನ್ನಬಹುದು. ಎರಡು ಮೂರು ವರ್ಷಗಳಿಂದ ಡಾಕ್ಟರುಗಳು ಇದರ ಮಾತನ್ನು ಜಾಸ್ತಿ ಆಡುತ್ತಿದ್ದಾರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗದರ್ಶಿಯಲ್ಲಿ 2022ರಲ್ಲಿ ಇದು ಸೇರಿತು. 2025ರ ಜನವರಿಯಲ್ಲಿ ಭಾರತದ ತಜ್ಞರು ಬೊಜ್ಜಿನ ವ್ಯಾಖ್ಯೆಯನ್ನು ತಿದ್ದಿ ಬರೆದಾಗ ಅಲ್ಲೂ ಇದಕ್ಕೆ ಜಾಗ ಸಿಕ್ಕಿತು.

ಲೆಕ್ಕ ಇಷ್ಟೇ

ಹೊಟ್ಟೆಯ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ. ಎರಡೂ ಒಂದೇ ಅಳತೆಯಲ್ಲಿರಬೇಕು. ಇಂಚಾದರೆ ಎರಡೂ ಇಂಚು, ಸೆಂಟಿಮೀಟರಾದರೆ ಎರಡೂ ಸೆಂಟಿಮೀಟರು. ಬರುವ ಉತ್ತರ 0.5ಕ್ಕಿಂತ ಕಡಿಮೆ ಇರಬೇಕು. ಅಂದರೆ ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧದೊಳಗೆ ಇರಬೇಕು.

ಭಾಗಾಕಾರವೂ ಬೇಡ ಅಂದರೆ ಒಂದು ದಾರ ಸಾಕು. ತಲೆಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ. ಅದನ್ನು ಎರಡಾಗಿ ಮಡಚಿ. ಮಡಚಿದ ದಾರ ಹೊಟ್ಟೆಯನ್ನು ಒಂದು ಸುತ್ತು ಬಳಸಿ ಎರಡು ತುದಿ ಸೇರಿದರೆ ಒಳ್ಳೆಯದು. ಸೇರದಿದ್ದರೆ ಹೊಟ್ಟೆಯ ಕಡೆ ಗಮನ ಕೊಡಬೇಕು. ಉಡಿದಾರ ಕಟ್ಟುವವರಿಗೆ ಇದು ಹೊಸದೇನಲ್ಲ. ಹೊಟ್ಟೆ ಬಂದರೆ ಮೊದಲು ಗೊತ್ತಾಗುವುದು ಬಿಗಿಯಾದ ಉಡಿದಾರದಿಂದಲೇ. ವ್ಯತ್ಯಾಸ ಅಂದರೆ ಈ ದಾರದ ಉದ್ದ ಅವರವರ ಎತ್ತರದಿಂದ ಬರುತ್ತದೆ.

ನಾವು ಎತ್ತರವನ್ನು ಅಡಿಯಲ್ಲಿ ಹೇಳುವವರು. ಹಾಗಾಗಿ ಅದೇ ಲೆಕ್ಕದಲ್ಲಿ ನೋಡೋಣ. 5 ಅಡಿ ಇರುವವರಿಗೆ ಗೆರೆ 30 ಇಂಚು. 5 ಅಡಿ 3 ಇಂಚಿಗೆ ಮೂವತ್ತೊಂದೂವರೆ. 5 ಅಡಿ 6 ಇಂಚಿಗೆ 33. 5 ಅಡಿ 9 ಇಂಚಿಗೆ ಮೂವತ್ತನಾಲ್ಕೂವರೆ. ಆರಡಿಗೆ 36. ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಅಂತ ಬೇರೆ ಬೇರೆ ಇಲ್ಲ.

ಹಾಗಾದರೆ ಬಿಎಂಐ ಯಾಕೆ ಸಾಲದು?

ಬಿಎಂಐ ಅಂದರೆ ಕೆಜಿಯಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದರ ಮೂಲ ಆಸ್ಪತ್ರೆಯಲ್ಲ. 1830ರ ದಶಕದಲ್ಲಿ ಬೆಲ್ಜಿಯಮ್ಮಿನ ಗಣಿತಜ್ಞ, ಖಗೋಳ ವಿಜ್ಞಾನಿ ಅಡಾಲ್ಫ್ ಕೆಟ್ಲೆ ಜನಸಮುದಾಯದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದರು. ಆಗ ಕಂಡುಕೊಂಡ ಸೂತ್ರ ಇದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟರು. ಒಂದು ಊರಿನ, ಒಂದು ದೇಶದ ಸಾವಿರಾರು ಜನರನ್ನು ಒಟ್ಟಿಗೆ ನೋಡಲು ಇದು ಈಗಲೂ ಉಪಯೋಗಕ್ಕೆ ಬರುತ್ತದೆ. ಒಬ್ಬ ಮನುಷ್ಯನ ಮುಂದೆ ಕೂತು ಅವನ ಆರೋಗ್ಯ ಹೇಳಲು ಹೊರಟಾಗ ತೊಡಕು ಶುರುವಾಗುತ್ತದೆ.

ತಕ್ಕಡಿಗೆ ಗೊತ್ತಿರುವುದು ಒಟ್ಟು ತೂಕ ಮಾತ್ರ. ಮುಚ್ಚಿದ ಚೀಲದ ತೂಕ ಹೇಳಬಹುದು, ಅದರಲ್ಲಿ ಅಕ್ಕಿ ಎಷ್ಟು, ಹತ್ತಿ ಎಷ್ಟು ಅಂತ ಹೇಳಲು ಬರುವುದಿಲ್ಲ. ದೇಹದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ, ಇದ್ಯಾವುದೂ ಬಿಎಂಐಗೆ ಕಾಣುವುದಿಲ್ಲ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. ಅವರೂ ಅವರ ಬ್ರಿಟಿಷ್ ಸ್ನೇಹಿತ ಡಾ. ಜಾನ್ ಯುಡ್ಕಿನ್ ಅವರೂ ಒಟ್ಟಿಗೆ ನಿಂತಿರುವ ಒಂದು ಫೋಟೋ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಒಂದೇ: 22.3. ಆದರೆ ದೇಹದ ಕೊಬ್ಬು ಅಳೆದು ನೋಡಿದರೆ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಬಿಎಂಐ ಪ್ರಕಾರ ಇಬ್ಬರೂ ಒಂದೇ. ಒಳಗೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ನಮ್ಮವರಿಗೆ ಇದು ಯಾಕೆ ಮುಖ್ಯ

ಆ ಫೋಟೋ ಇಬ್ಬರು ಮನುಷ್ಯರ ಕಥೆ ಮಾತ್ರ ಆಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ಭಾರತೀಯರ ಮೈಕಟ್ಟಿನಲ್ಲೇ ಈ ಗುಣ ಇದೆ. ಅದೇ ತೂಕದ, ಅದೇ ಎತ್ತರದ ಯುರೋಪಿನವರಿಗೆ ಹೋಲಿಸಿದರೆ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯ ಭಾಗದಲ್ಲಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇಂಥವರನ್ನು ನಾವು ದಿನಾ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ನೋಡುತ್ತೇವೆ, ಅಲ್ವಾ?

ಇದು ತಿಂದು ಬಂದಿದ್ದು ಮಾತ್ರ ಅಲ್ಲ, ಹುಟ್ಟಿನಿಂದಲೂ ಸ್ವಲ್ಪ ಇರುತ್ತದೆ. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದಾರೆ. ಇಲ್ಲಿನ ಮಕ್ಕಳ ಸರಾಸರಿ ತೂಕ 2.7 ಕೆಜಿ, ಅಲ್ಲಿನವರದು 3.5 ಕೆಜಿ. ನಮ್ಮ ಕೂಸುಗಳು ಎಲ್ಲದರಲ್ಲೂ ಚಿಕ್ಕವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ಮೈಸೂರಿನಲ್ಲೂ ಹೀಗೇ ಕಂಡಿತು. ಊರಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ದಾಖಲೆಗಳಿಂದ ಶುರುವಾದ ಸಂಶೋಧನೆ 1990ರ ದಶಕದ ಕೊನೆಯಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಆ ಮಕ್ಕಳು ಕೂಡ ಗಾತ್ರದಲ್ಲಿ ಚಿಕ್ಕವರು. ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ.

ಈ ಕಾರಣಕ್ಕೇ ಭಾರತೀಯರಿಗೆ ಬಿಎಂಐ ಗೆರೆಯನ್ನೇ ಕೆಳಗೆ ಎಳೆದಿದ್ದಾರೆ. ಬೇರೆಡೆ 25 ದಾಟಿದರೆ ತೂಕ ಹೆಚ್ಚು ಅನ್ನುತ್ತಾರೆ. ನಮಗೆ 23. ಆದರೂ ನಮ್ಮ ಬಾವನಂಥವರು 22.8ರಲ್ಲಿ ನಿಂತು ತಪ್ಪಿಸಿಕೊಳ್ಳುತ್ತಾರೆ. ಇಡೀ ದೇಶದಲ್ಲಿ ನಡೆದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಬಿಎಂಐ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇ. 28.6. ಹೊಟ್ಟೆಯ ಸುತ್ತಳತೆಯ ಲೆಕ್ಕದಲ್ಲಿ ಶೇ. 39.5. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ.

ಹೊಟ್ಟೆಯ ಕೊಬ್ಬಿನಲ್ಲೇ ಏನಿದೆ ಅಂಥದ್ದು?

ಹಳೇ ಕಾಲದ ಮನೆಯನ್ನು ನೆನೆಸಿಕೊಳ್ಳಿ. ಸುಗ್ಗಿಯಲ್ಲಿ ಬಂದ ಭತ್ತದ ಮೂಟೆಗಳನ್ನು ಅಟ್ಟದ ಮೇಲೆ ಇಡುತ್ತಾರೆ. ಅಟ್ಟದಲ್ಲಿ ಎಷ್ಟು ಮೂಟೆ ಇದ್ದರೂ ಕೆಳಗಿನ ಮನೆಯ ಕೆಲಸಕ್ಕೆ ತೊಂದರೆ ಇಲ್ಲ. ಅಟ್ಟ ತುಂಬಿದ ಮೇಲೂ ಮೂಟೆ ಬರುತ್ತಲೇ ಇದ್ದರೆ? ಪಡಸಾಲೆಯಲ್ಲಿ ಇಡಬೇಕು, ಆಮೇಲೆ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಇಡಬೇಕು. ಆಗ ಅಡುಗೆ ಮಾಡಲು ಜಾಗ ಇರುವುದಿಲ್ಲ.

ದೇಹದ ಅಟ್ಟ ಅಂದರೆ ಚರ್ಮದ ಕೆಳಗಿನ ಪದರ. ತೊಡೆ, ತೋಳು, ಪೃಷ್ಠದಲ್ಲಿ ಬೆರಳಿನಿಂದ ಹಿಡಿದರೆ ಸಿಗುವ ಮೆತ್ತನೆಯ ಕೊಬ್ಬು. ಉಳಿದ ಶಕ್ತಿಯನ್ನು ಕೂಡಿಡಲು ಇದು ಸರಿಯಾದ ಜಾಗ. ಇಲ್ಲಿ ಹಿಡಿಸದೆ ಉಳಿದದ್ದು ಹೊಟ್ಟೆಯ ಒಳಗೆ ಹೋಗುತ್ತದೆ. ಕರುಳಿನ ಸುತ್ತ, ಲಿವರಿನ ಒಳಗೆ, ಮೇದೋಜೀರಕ ಗ್ರಂಥಿಯ ಬಳಿ ಕೂರುತ್ತದೆ. ನಮ್ಮವರ ಅಟ್ಟ ಚಿಕ್ಕದು, ಬೇಗ ತುಂಬುತ್ತದೆ ಎಂದು ಅನೇಕ ತಜ್ಞರು ವಿವರಿಸುತ್ತಾರೆ.

ಒಳಗಿನ ಕೊಬ್ಬು ಸುಮ್ನೆ ಕೂರುವುದಿಲ್ಲ. ಅದು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕರುಳಿನ ಸುತ್ತಲಿಂದ ಹೊರಟ ರಕ್ತ ನೇರವಾಗಿ ಹೋಗುವುದು ಲಿವರಿಗೆ. ಹಾಗಾಗಿ ಮೊದಲ ಪೆಟ್ಟು ಬೀಳುವುದೂ ಅಲ್ಲಿಗೇ. ಕೊಬ್ಬು ತುಂಬಿದ ಲಿವರು ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಬಿಡಬೇಡ ಎಂದು ಇನ್ಸುಲಿನ್ ಹೇಳಿದರೂ ಅದು ರಕ್ತಕ್ಕೆ ಸಕ್ಕರೆ ಸುರಿಯುತ್ತಿರುತ್ತದೆ. ಇದರ ಜೊತೆಗೆ ಈ ಕೊಬ್ಬಿನಿಂದ ಉರಿಯೂತ ಹೆಚ್ಚಿಸುವ ರಾಸಾಯನಿಕಗಳೂ ಹೊರಬರುತ್ತವೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕಾಯಿಲೆ, ಫ್ಯಾಟಿ ಲಿವರ್ ಇವೆಲ್ಲ ಒಂದರ ಹಿಂದೆ ಒಂದು ಒಬ್ಬರ ಮೇಲೇ ಬರುವುದಕ್ಕೆ ಇದು ದೊಡ್ಡ ಕಾರಣ.

ಒಳಗಿನ ಕೊಬ್ಬನ್ನು ಸರಿಯಾಗಿ ಅಳೆಯಬೇಕಾದರೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಬೇಕು. ಊರವರಿಗೆಲ್ಲ ಅದನ್ನು ಮಾಡಿಸಲು ಆಗುತ್ತದೆಯೇ? ಹೊಟ್ಟೆಯ ಸುತ್ತಳತೆ ಅದರ ಅಂದಾಜು ಕೊಡುತ್ತದೆ. ಖರ್ಚು ಒಂದು ಟೇಪಿನದು.

ಎತ್ತರವನ್ನು ಯಾಕೆ ಸೇರಿಸಬೇಕು?

ಸುತ್ತಳತೆ ಒಂದನ್ನೇ ನೋಡುವ ಪದ್ಧತಿಯೂ ಇದೆ. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ. ಆದರೆ 90 ಸೆಂ.ಮೀ. ಎಂಬುದು 185 ಸೆಂ.ಮೀ. ಎತ್ತರದವರ ಮೈಗೆ ಒಪ್ಪುತ್ತದೆ, ಅನುಪಾತ 0.49ರ ಹತ್ತಿರ. ಅದೇ 90 ಸೆಂ.ಮೀ. 150 ಸೆಂ.ಮೀ. ಎತ್ತರದವರಲ್ಲಿ ಇದ್ದರೆ 0.6. ಟೇಪಿನಲ್ಲಿ ಸಂಖ್ಯೆ ಒಂದೇ, ಅಪಾಯ ಒಂದೇ ಅಲ್ಲ.

ಇನ್ನೊಂದು ರೀತಿ ನೋಡಿ. 90 ಎಂಬುದು 180ರ ಅರ್ಧ. ನಮ್ಮಲ್ಲಿ ಹೆಚ್ಚಿನ ಗಂಡಸರು 180 ಸೆಂ.ಮೀ. ಇಲ್ಲ. ಹಾಗಾಗಿ 165 ಸೆಂ.ಮೀ. ಎತ್ತರದವರು 88 ಸೆಂ.ಮೀ. ಹೊಟ್ಟೆ ಇಟ್ಟುಕೊಂಡು “ನಾನು 90ರ ಒಳಗಿದ್ದೀನಿ” ಅಂದುಕೊಳ್ಳಬಹುದು. ಅನುಪಾತದಲ್ಲಿ ಅವರು 0.53.

1990ರ ದಶಕದ ನಡುವಿನಿಂದ ಬ್ರಿಟನ್ನಿನ ಪೌಷ್ಟಿಕ ತಜ್ಞೆ ಮಾರ್ಗರೆಟ್ ಆಶ್ವೆಲ್ ಇದನ್ನೇ ಹೇಳುತ್ತಾ ಬಂದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಜಪಾನಿನ ಸಂಶೋಧಕರೂ ಇದೇ ದಾರಿಗೆ ಬಂದಿದ್ದರು. 2012ರಲ್ಲಿ ಆಶ್ವೆಲ್ ತಂಡ ಬೇರೆ ಬೇರೆ ದೇಶಗಳ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕಾಯಿಲೆಯ ಅಪಾಯ ಇರುವವರನ್ನು ಗುರುತಿಸುವುದರಲ್ಲಿ ಬಿಎಂಐಗಿಂತ, ಬರೀ ಸುತ್ತಳತೆಗಿಂತ ಈ ಅನುಪಾತ ಮುಂದಿತ್ತು.

ಅಳೆಯುವಾಗ ಎಲ್ಲರೂ ಎಡವುವ ಜಾಗ

ಕನ್ನಡದಲ್ಲಿ ‘ಸೊಂಟ’ ಎಂಬ ಮಾತೇ ಸ್ವಲ್ಪ ಗೊಂದಲ ಮಾಡುತ್ತದೆ. ಸೊಂಟ ನೋವು ಅಂದರೆ ಬೆನ್ನಿನ ಕೆಳಭಾಗ. ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತರು ಅಂದರೆ ಪಕ್ಕದ ಎಲುಬಿನ ಮೇಲೆ. ಪ್ಯಾಂಟಿನ ಸೊಂಟ ಅಂದರೆ ಇನ್ನೂ ಕೆಳಗೆ, ಬೆಲ್ಟ್ ಕಟ್ಟುವ ಜಾಗ. ಈ ಲೆಕ್ಕಕ್ಕೆ ಬೇಕಾಗಿರುವುದು ಇವು ಯಾವುವೂ ಅಲ್ಲ.

ಬಾವ ಮೊದಲು ಮಾಡಿದ್ದೂ ಇದೇ ತಪ್ಪು. “ನಂದು 34 ಇಂಚಿನ ಪ್ಯಾಂಟು. ಅಂದರೆ 86 ಸೆಂ.ಮೀ. ಎತ್ತರದ ಅರ್ಧ 85. ಒಂದೇ ಒಂದು ಸೆಂಟಿಮೀಟರು ಜಾಸ್ತಿ, ಬಿಡು” ಅಂದರು. ಅಮ್ಮ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಟೇಪು ತೆಗೆದುಕೊಂಡು ಬಂದರು. ಅಂಗಿ ಮೇಲೆತ್ತಿಸಿ ಸರಿಯಾದ ಜಾಗದಲ್ಲಿ ಹಿಡಿದರೆ 92. ಪ್ಯಾಂಟು ಕೂತಿದ್ದು ಹೊಟ್ಟೆಯ ಕೆಳಗೆ. ಹೊಟ್ಟೆ ಅದರ ಮೇಲಿತ್ತು. 92ನ್ನು 170ರಿಂದ ಭಾಗಿಸಿದರೆ 0.54. ಬಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸರಿಯಾದ ಜಾಗ ಹುಡುಕುವುದು ಹೀಗೆ. ನೆಟ್ಟಗೆ ನಿಂತು ಪಕ್ಕೆಯಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬನ್ನು ಹುಡುಕಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬಂದು ಸೊಂಟದ ಎಲುಬಿನ ಮೇಲ್ತುದಿಯನ್ನು ಮುಟ್ಟಿ. ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಹೆಚ್ಚಿನವರಲ್ಲಿ ಇದು ಹೊಕ್ಕುಳಿನ ಆಸುಪಾಸಿಗೆ ಬರುತ್ತದೆ. ಟೇಪು ನೆಲಕ್ಕೆ ಸಮನಾಗಿರಬೇಕು. ಬೆನ್ನ ಹಿಂದೆ ಜಾರಿ ಕೆಳಗೆ ಇಳಿಯುವುದು ತುಂಬಾ ಸಾಮಾನ್ಯ, ಹಾಗಾಗಿ ಇನ್ನೊಬ್ಬರು ನೋಡಿದರೆ ಒಳ್ಳೆಯದು, ಇಲ್ಲವೇ ಕನ್ನಡಿ ಮುಂದೆ ನಿಲ್ಲಿ. ಮೈಗೆ ತಾಗಿರಲಿ, ಕಚ್ಚಬಾರದು. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಸೀರೆ ಉಟ್ಟಿದ್ದರೆ ನೆರಿಗೆಯ ಮೇಲೆ ಅಳೆದು ಉಪಯೋಗವಿಲ್ಲ, ಅಲ್ಲೇ ಎಷ್ಟೋ ಸೆಂಟಿಮೀಟರು ಸೇರಿಬಿಡುತ್ತದೆ. ಊಟಕ್ಕೆ ಮುಂಚೆ, ಬೆಳಿಗ್ಗೆ ಅಳೆದರೆ ಪ್ರತಿ ಸಲದ ಅಳತೆಯೂ ಹೋಲಿಸಲು ಬರುತ್ತದೆ.

ಎತ್ತರವನ್ನೂ ಹೊಸದಾಗಿ ಅಳೆಯಿರಿ. ಕಾಲೇಜಿನಲ್ಲಿ ಬರೆಸಿದ ಎತ್ತರವನ್ನೇ ಅರವತ್ತು ದಾಟಿದ ಮೇಲೂ ಹೇಳುತ್ತಿರುತ್ತೇವೆ. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗಿ ಎತ್ತರ ಕಡಿಮೆಯಾಗುತ್ತದೆ.

ಬಂದ ಸಂಖ್ಯೆಯನ್ನು ಓದುವುದು

ಬ್ರಿಟನ್ನಿನ ಮಾರ್ಗದರ್ಶಿ ಮೂರು ಹಂತ ಮಾಡಿದೆ. 0.4ರಿಂದ 0.49ರವರೆಗೆ ಆರೋಗ್ಯಕರ. 0.5ರಿಂದ 0.59ರವರೆಗೆ ಅಪಾಯ ಹೆಚ್ಚಿದೆ. 0.6 ಮತ್ತು ಅದಕ್ಕಿಂತ ಮೇಲೆ ಅಪಾಯ ತುಂಬಾ ಹೆಚ್ಚು. 0.4ಕ್ಕಿಂತ ಕೆಳಗಿದ್ದರೆ ಖುಷಿಪಡುವ ಮುಂಚೆ ತೂಕ ತೀರಾ ಕಡಿಮೆ ಇದೆಯಾ ಅಂತ ನೋಡಬೇಕು.

0.5 ಗೋಡೆಯಲ್ಲ, ನೆನಪಿಟ್ಟುಕೊಳ್ಳಲು ಸುಲಭವಾಗಲಿ ಎಂದು ಎಳೆದ ಗೆರೆ. 0.49 ಬಂದವರಿಗೂ 0.51 ಬಂದವರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಟೇಪು ಹಿಡಿಯುವುದರಲ್ಲೇ ಒಂದೆರಡು ಸೆಂಟಿಮೀಟರು ಆಚೀಚೆ ಆಗುತ್ತದೆ.

ಆ ದಿನ ಅಮ್ಮನನ್ನೂ ಅಳೆದೆವು. ಎತ್ತರ 152 ಸೆಂ.ಮೀ., ತೂಕ 56 ಕೆಜಿ. ಬಿಎಂಐ 24.2, ಅಂದರೆ ನಮ್ಮ ಗೆರೆ ದಾಟಿದೆ. ಹೊಟ್ಟೆಯ ಸುತ್ತಳತೆ 74. ಅನುಪಾತ 0.49. ಬಿಎಂಐ ಒಂದನ್ನೇ ನೋಡಿದ್ದರೆ ಮನೆಯಲ್ಲಿ ಎಚ್ಚರಿಕೆ ಸಿಗುತ್ತಿದ್ದುದು ಅಮ್ಮನಿಗೆ, ಬಾವನಿಗಲ್ಲ. ಹಾಗಂತ ಬಿಎಂಐ ಬಿಸಾಡಿ ಅಂತ ಯಾರೂ ಹೇಳುತ್ತಿಲ್ಲ. 2025ರಲ್ಲಿ ಲ್ಯಾನ್ಸೆಟ್ ನೇಮಿಸಿದ ಅಂತರರಾಷ್ಟ್ರೀಯ ಆಯೋಗವೂ ಬಿಎಂಐ ಜೊತೆಗೆ ಹೊಟ್ಟೆಯ ಅಳತೆಯಂಥ ಇನ್ನೊಂದನ್ನು ನೋಡಬೇಕು ಎಂದಿತು. ಭಾರತದ ಹೊಸ ವ್ಯಾಖ್ಯೆಯಲ್ಲೂ ಬಿಎಂಐ 23 ದಾಟುವುದು ಮೊದಲ ಹಂತ. ಹೊಟ್ಟೆಯ ಬೊಜ್ಜು ಮತ್ತು ಅದರಿಂದ ಬಂದ ತೊಂದರೆಗಳನ್ನು ನೋಡುವುದು ಎರಡನೇ ಹಂತ.

ಯಾರಿಗೆ ಈ ಲೆಕ್ಕ ಹೊಂದುವುದಿಲ್ಲ

ಬಸುರಿಯರಿಗೆ ಇದು ಅನ್ವಯಿಸುವುದಿಲ್ಲ, ಹೆರಿಗೆಯಾದ ಹೊಸತರಲ್ಲಿ ಕೂಡ ಬೇಡ. ಲಿವರ್ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರ ಸುತ್ತಳತೆ ಕೊಬ್ಬಿನ ಬಗ್ಗೆ ಏನೂ ಹೇಳುವುದಿಲ್ಲ. ಬೆನ್ನು ತುಂಬಾ ಬಾಗಿದ ಹಿರಿಯರಲ್ಲಿ ಎತ್ತರವೇ ಸರಿಯಾಗಿ ಸಿಗುವುದಿಲ್ಲ. ಬಿಎಂಐ 35 ದಾಟಿದವರಲ್ಲಿ ಅಪಾಯ ಹೇಗೂ ಗೊತ್ತಿರುತ್ತದೆ, ಟೇಪು ಹೊಸದಾಗಿ ಹೇಳುವುದು ಕಡಿಮೆ.

ಇದು ರೋಗ ಪತ್ತೆ ಮಾಡುವ ಪರೀಕ್ಷೆಯೂ ಅಲ್ಲ. 0.55 ಬಂದರೆ ಸಕ್ಕರೆ ಕಾಯಿಲೆ ಇದೆ ಅಂತಲ್ಲ. ರಕ್ತದ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಒಮ್ಮೆ ನೋಡಿಸಿಕೊಳ್ಳಿ ಅಂತ ಅರ್ಥ. 0.47 ಬಂದವರಿಗೂ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಆ ಪರೀಕ್ಷೆಗಳು ಬೇಕೇ ಬೇಕು.

ಕಡಿಮೆ ಆಗುತ್ತದೆಯೇ?

ಆಗುತ್ತದೆ. ಒಂದು ಒಳ್ಳೆಯ ಸುದ್ದಿ ಏನೆಂದರೆ ತೂಕ ಇಳಿಯತೊಡಗಿದಾಗ ಹೊಟ್ಟೆಯೊಳಗಿನ ಕೊಬ್ಬು ಸಾಮಾನ್ಯವಾಗಿ ಮೊದಲು ಕರಗುತ್ತದೆ. ಹೊಟ್ಟೆಗೆ ಮಾತ್ರ ವ್ಯಾಯಾಮ ಮಾಡಿ ಅಲ್ಲಿನ ಕೊಬ್ಬನ್ನಷ್ಟೇ ಕರಗಿಸಲು ಆಗುವುದಿಲ್ಲ. ದೇಹ ತಾನು ಕೂಡಿಟ್ಟದ್ದನ್ನು ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ತಾನೇ ನಿರ್ಧರಿಸುತ್ತದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ಸ್ನಾಯು ಬೆಳೆಸುವ ವ್ಯಾಯಾಮ ವಾರಕ್ಕೆರಡು ಸಲ. ಸ್ನಾಯು ಕಡಿಮೆ ಇರುವ ನಮ್ಮವರಿಗೆ ಈ ಎರಡನೆಯದನ್ನು ಬಿಡುವಂತಿಲ್ಲ.

ಪ್ರತಿದಿನ ಅಳೆಯಬೇಡಿ. ನೀರು, ಗ್ಯಾಸು, ಹಿಂದಿನ ರಾತ್ರಿಯ ಊಟ ಇವುಗಳಿಂದಲೇ ಸುತ್ತಳತೆ ಏರಿಳಿಯುತ್ತದೆ. ತಿಂಗಳಿಗೊಮ್ಮೆ ಸಾಕು.

ಬಾವ ರಾತ್ರಿ ಅನ್ನ ಅರ್ಧ ಮಾಡಿದರು, ಊಟ ಬೇಗ ಮುಗಿಸುತ್ತಾರೆ, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತಾರೆ. ಮೂರು ತಿಂಗಳ ಮೇಲೆ ತೂಕ ಇಳಿದಿದ್ದು ಒಂದೂವರೆ ಕೆಜಿ. ತಕ್ಕಡಿ ನೋಡಿ ಬೇಜಾರು ಮಾಡಿಕೊಂಡಿದ್ದರು. ಅಮ್ಮ ಮತ್ತೆ ಟೇಪು ಹಿಡಿದರು. 92 ಇದ್ದದ್ದು 89 ಆಗಿತ್ತು. 85ಕ್ಕೆ ಇನ್ನು ನಾಲ್ಕು ಸೆಂಟಿಮೀಟರು.